ಲೈಬ್ರರಿ ಟ್ರಸ್ಟಿ ಆಗಿದ್ದೇನೆ, ಏನು ಓದಲಿ, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಾರ್ವಜನಿಕ ಗ್ರಂಥಾಲಯವೊಂದರ ಆಡಳಿತ ಮಂಡಳಿಗೆ ನಿಮ್ಮನ್ನು ಹೊಸದಾಗಿ ಸೇರಿಸಿಕೊಂಡಿದ್ದಾರೆ. ಓದುವ ಹುಚ್ಚು ಇದೆ, ಆದರೆ ಲೈಬ್ರರಿ ನಡೆಸುವುದು ಹೇಗೆಂದು ಗೊತ್ತಿಲ್ಲ. ಈ ಕ್ಷೇತ್ರದ ಸುದ್ದಿ, ಕಲಿಯುವ ಸಾಮಗ್ರಿ ಎಲ್ಲಿ ಸಿಗುತ್ತದೆ, ಮೊದಲು ಏನು ಓದಬೇಕು ಎಂದು ಕೇಳಿದ್ದೀರಿ. ನಾನು 22 ವರ್ಷ ಎರವಲು ಕೌಂಟರಿನ ಹಿಂದೆ ಕೂತವನು, ಈಗ ಆರು ವರ್ಷದಿಂದ ಬೇರೊಂದು ಲೈಬ್ರರಿಯ ಟ್ರಸ್ಟಿ. ಮೇಜಿನ ಎರಡೂ ಕಡೆ ಕೂತು ಬೈಸಿಕೊಂಡಿದ್ದೇನೆ. ಉತ್ತರ ಕೊಡಲು ನನಗಿರುವ ಅರ್ಹತೆ ಅದೇ.

ಓದುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗ್ರಂಥಪಾಲಕರನ್ನು ಕೇಳಿಕೊಂಡು ಒಂದು ದಿನ ಪೂರ್ತಿ ಕೌಂಟರಿನ ಪಕ್ಕ ಕುಳಿತುಕೊಳ್ಳಿ. ಸಲಹೆ ಕೊಡಬೇಡಿ, ಸುಮ್ಮನೆ ನೋಡಿ. ಬರುವವರೆಲ್ಲ ಪುಸ್ತಕ ಕೇಳುವುದಿಲ್ಲ. ಒಬ್ಬರಿಗೆ ಕೆಲಸದ ಅರ್ಜಿ ಪ್ರಿಂಟ್ ಆಗಬೇಕು, ಇನ್ನೊಬ್ಬರು ಪಾಸ್‌ವರ್ಡ್ ಮರೆತಿದ್ದಾರೆ, ಒಬ್ಬ ಹಿರಿಯರು ದಿನಾ ಅದೇ ಕುರ್ಚಿಗೆ ಬಂದು ಪೇಪರ್ ಓದುತ್ತಾರೆ, ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಇದ್ದರೆ ನಿಂತೇ ಕಾಯುತ್ತಾರೆ. ‘ಈಗೆಲ್ಲ ಫೋನಿನಲ್ಲೇ ಸಿಗುತ್ತಲ್ಲ, ಲೈಬ್ರರಿ ಯಾಕೆ?’ ಎಂದು ಬಜೆಟ್ ಸಭೆಯಲ್ಲಿ ಯಾರಾದರೂ ಖಂಡಿತ ಕೇಳುತ್ತಾರೆ. ಅವತ್ತು ನಿಮ್ಮ ಕೈ ಹಿಡಿಯುವುದು ಈ ಒಂದು ದಿನ.

ಮೊದಲ ಓದಿಗೆ ಎರಡೇ ಸಾಕು, ಎರಡೂ ಚಿಕ್ಕವು. ಒಂದು, ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು: ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುವ ಜೀವಿ. ಇನ್ನೊಂದು, ಸಾರ್ವಜನಿಕ ಗ್ರಂಥಾಲಯ ಕುರಿತ ಯುನೆಸ್ಕೋ ಪ್ರಣಾಳಿಕೆ. ಮೊದಲು 1949ರಲ್ಲಿ ಬಂತು, 1972 ಮತ್ತು 1994ರಲ್ಲಿ ಬದಲಾಯಿತು, ಈಗ ಚಾಲ್ತಿಯಲ್ಲಿರುವುದು ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಜೊತೆ ಸೇರಿ 2022ರಲ್ಲಿ ಹೊರತಂದದ್ದು. ಕೆಲವೇ ಪುಟ, ಉಚಿತವಾಗಿ ಸಿಗುತ್ತದೆ. ಸೇವೆಗೆ ಶುಲ್ಕ ಇಡೋಣ ಎಂಬ ಮಾತು ಬಂದಾಗ ಅದರಲ್ಲಿರುವ ‘ತಾತ್ವಿಕವಾಗಿ ಉಚಿತವಾಗಿರಬೇಕು’ ಎಂಬ ಸಾಲನ್ನು ಓದಿ ಹೇಳಿ. ನಾನು ಎರಡು ಸಲ ಓದಿ ಹೇಳಿದ್ದೇನೆ, ಒಂದು ಸಲ ಕೆಲಸ ಮಾಡಿತು.

ಇನ್ನು ಯಾವ ಕೋರ್ಸೂ ಕಲಿಸದೆ ನಾನು ಪೆಟ್ಟು ತಿಂದೇ ಕಲಿತ ವಿಷಯ: ಹಳೆ ಪುಸ್ತಕ ತೆಗೆಯುವುದು.

ಸ್ಟಾಫ್ ಆಗಿದ್ದಾಗ ಒಂದು ಮಳೆಗಾಲದಲ್ಲಿ ಆರೋಗ್ಯದ ಕಪಾಟು ಖಾಲಿ ಮಾಡುತ್ತಿದ್ದೆವು. ಕೈಗೆ ಒಂದು ದಪ್ಪ ಪುಸ್ತಕ ಬಂತು. ಹಿಂದಿನ ಡೇಟ್ ಸ್ಲಿಪ್ಪಿನಲ್ಲಿ ಕೊನೆಯ ಮುದ್ರೆ ಬಿದ್ದು 14 ವರ್ಷವಾಗಿತ್ತು. ಬೆನ್ನು ಬಿಟ್ಟುಹೋಗಿತ್ತು, ಪುಟ ತಿರುವಿದರೆ ಅಂಚು ಒಣಗಿದ ಎಲೆಯ ಹಾಗೆ ಮುರಿದು ಬೀಳುತ್ತಿತ್ತು. ಅದೂ ಹೋಗಲಿ, ಹೊಟ್ಟೆಯ ಹುಣ್ಣಿಗೆ ಚಿಂತೆಯೇ ಮೂಲ ಕಾರಣ ಎಂದು ಒಳಗೆ ಬರೆದಿತ್ತು. ಬಹುಪಾಲು ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ಕಂಡುಹಿಡಿದವರಿಗೆ 2005ರಲ್ಲೇ ನೊಬೆಲ್ ಬಂದಾಗಿತ್ತು. ಅಂಥವು ನೂರಕ್ಕೂ ಹೆಚ್ಚು ಪುಸ್ತಕ ತೆಗೆದೆವು, ಲೈಬ್ರರಿಗೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಹೊಡೆದೆವು, ಚೀಲಕ್ಕೆ ತುಂಬಿ ರದ್ದಿಯವನಿಗೆಂದು ಹಿಂಬಾಗಿಲಲ್ಲಿ ಇಟ್ಟೆವು. ಒಂದು ಮರೆತೆವು: ಒಳಗಿನ ಲೈಬ್ರರಿ ಸೀಲಿನ ಮೇಲೆ ‘ರದ್ದು’ ಮುದ್ರೆ ಒತ್ತಿರಲಿಲ್ಲ.

ಮರುದಿನ ಬೆಳಗ್ಗೆ ಓದುಗರೊಬ್ಬರು ಅದೇ ಪುಸ್ತಕವನ್ನು ತಂದು ಅಧ್ಯಕ್ಷರ ಮೇಜಿನ ಮೇಲೆ ಇಟ್ಟರು. ‘ಜನರ ದುಡ್ಡಿನ ಪುಸ್ತಕ, ಕಸದಲ್ಲಿತ್ತು.’ ಮಂಡಳಿ ನಮ್ಮನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ಯಾವ ನಿಯಮದ ಮೇಲೆ ತೆಗೆದಿರಿ? ಲಿಖಿತ ನಿಯಮ ಅಂತ ಒಂದು ಇರಲೇ ಇಲ್ಲ. ನಾವು ಮಾಡಿದ್ದು ಸರಿಯಿತ್ತು, ತೋರಿಸಲು ಕಾಗದ ಇರಲಿಲ್ಲ. ಚೀಲ ಬಿಚ್ಚಿ ಅಷ್ಟೂ ಪುಸ್ತಕವನ್ನು ಮತ್ತೆ ಕಪಾಟಿಗೆ ಏರಿಸಿದೆವು. ಹೊಟ್ಟೆಹುಣ್ಣಿನದ್ದನ್ನೂ.

ಆಗಲೇ ನನಗೆ ಟೆಕ್ಸಾಸ್ ರಾಜ್ಯ ಗ್ರಂಥಾಲಯದ ‘ಕ್ರೂ’ ಕೈಪಿಡಿ ಸಿಕ್ಕಿದ್ದು. 1976ರಲ್ಲಿ ಶುರುವಾದದ್ದು, ಆಮೇಲೆ ಪರಿಷ್ಕರಿಸಿದ್ದಾರೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪುಸ್ತಕ ಅಚ್ಚಾಗಿ ಎಷ್ಟು ವರ್ಷವಾಯಿತು, ಕೊನೆಯ ಸಲ ಎರವಲು ಹೋಗಿ ಎಷ್ಟು ವರ್ಷವಾಯಿತು, ಇವೆರಡನ್ನು ವಿಷಯವಾರು ತೂಗಿ ನೋಡಲು ಹೇಳುತ್ತದೆ. ಜೊತೆಗೆ ಆರು ದೋಷಗಳ ಪಟ್ಟಿ: ತಪ್ಪು ಮಾಹಿತಿ, ರಿಪೇರಿ ಮೀರಿದ ಸ್ಥಿತಿ, ಹೊಸ ಆವೃತ್ತಿ ಬಂದಿರುವುದು, ಸತ್ವ ಇಲ್ಲದಿರುವುದು, ನಿಮ್ಮ ಓದುಗರಿಗೆ ಸಂಬಂಧ ಇಲ್ಲದಿರುವುದು, ಬೇರೆ ಕಡೆ ಸುಲಭವಾಗಿ ಸಿಗುವುದು. ಅದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಊರಿನ ಚರಿತ್ರೆಯ ಪುಸ್ತಕ ಇಪ್ಪತ್ತು ವರ್ಷ ಯಾರೂ ಮುಟ್ಟದಿದ್ದರೂ ಇರಬೇಕು, ಇನ್ನೆಲ್ಲೂ ಸಿಗದದ್ದು ಅದೊಂದೇ ಇರಬಹುದು.

ಇಲ್ಲಿ ಟ್ರಸ್ಟಿಯ ಕೆಲಸ ಏನು? ಪುಸ್ತಕ ಆರಿಸುವುದಲ್ಲ, ತೆಗೆಯುವುದೂ ಅಲ್ಲ. ಹೇಗೆ ಕೊಳ್ಳಬೇಕು, ಹೇಗೆ ತೆಗೆಯಬೇಕು, ‘ಈ ಪುಸ್ತಕ ತೆಗೆದುಹಾಕಿ’ ಎಂದು ಯಾರಾದರೂ ದೂರು ಕೊಟ್ಟರೆ ಯಾರು ಓದಿ ಎಷ್ಟು ದಿನದಲ್ಲಿ ಉತ್ತರಿಸಬೇಕು ಎಂಬ ನಿಯಮಕ್ಕೆ ಒಪ್ಪಿಗೆ ಕೊಡುವುದು, ಆಮೇಲೆ ಗಲಾಟೆಯಾದಾಗ ಸ್ಟಾಫ್ ಹಿಂದೆ ನಿಲ್ಲುವುದು. ಗಲಾಟೆ ಶುರುವಾದ ಮೇಲೆ ಬರೆದ ನಿಯಮಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಟ್ರಸ್ಟಿಗಳು ತಮ್ಮ ಇಷ್ಟದ ಕಾದಂಬರಿಗಳ ಪಟ್ಟಿ ಕಳಿಸುವ ಚಾಳಿ ಎಲ್ಲ ಕಡೆ ಇದೆ, ನನಗೂ ಇತ್ತು. ಓದುಗರ ಬೇಡಿಕೆ ಪುಸ್ತಕದಲ್ಲಿ ಎಲ್ಲರ ಹಾಗೆ ಬರೆದು ಬನ್ನಿ.

ಈಗ ಸುದ್ದಿಯ ವಿಷಯ. ಇಫ್ಲಾದ ಸುದ್ದಿಪತ್ರ, ನಿಮ್ಮ ದೇಶದ ಗ್ರಂಥಾಲಯ ಸಂಘದ ಪತ್ರಿಕೆ, ಇವೆರಡಕ್ಕೆ ಚಂದಾದಾರರಾಗಿ. ಸ್ಟಾಫ್ ತರಬೇತಿಗೆ ವೆಬ್‌ಜಂಕ್ಷನ್ ಎಂಬ ಜಾಲತಾಣ ಉಚಿತ ಪಾಠಗಳನ್ನು ಕೊಡುತ್ತದೆ, ಟ್ರಸ್ಟಿಗಳೂ ನೋಡಬಹುದು. ಅಷ್ಟರ ಮೇಲೆ ಗುಡ್ಡೆ ಹಾಕಿಕೊಳ್ಳಬೇಡಿ. ಓದಿದ ಸುದ್ದಿಯನ್ನು ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆಯಾಗಿ ಮಾಡಲು ಬರದಿದ್ದರೆ ಅದು ಕಾಲಹರಣ.

ಉದಾಹರಣೆಗೆ, 2023ರ ಅಕ್ಟೋಬರಿನಲ್ಲಿ ಟೊರಾಂಟೊ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರುಗಳ ಮೇಲೆ ಸುಲಿಗೆ ಸಾಫ್ಟ್‌ವೇರ್ (ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್) ದಾಳಿಯಾಯಿತು. ಶಾಖೆಗಳು ತೆರೆದೇ ಇದ್ದವು, ಆದರೆ ವಾಪಸ್ ಬಂದ ಪುಸ್ತಕವನ್ನು ಜಮಾ ಮಾಡಲಾಗದೆ ಟ್ರೇಲರ್‌ಗಳಲ್ಲಿ ತುಂಬಿಡಬೇಕಾಯಿತು. ಸರಿಹೋಗಲು ತಿಂಗಳುಗಳೇ ಹಿಡಿದವು. ಅದೇ ತಿಂಗಳು ಬ್ರಿಟಿಷ್ ಲೈಬ್ರರಿಯ ಮೇಲೂ ದಾಳಿಯಾಯಿತು. ಎಲ್ಲಿ ಎಡವಿದೆವು ಎಂದು ಅವರು 2024ರ ಮಾರ್ಚಿನಲ್ಲಿ ಒಂದು ವರದಿಯನ್ನೇ ಪ್ರಕಟಿಸಿದರು. ಟ್ರಸ್ಟಿಗಳು ಓದಲೇಬೇಕಾದ್ದು. ಅದನ್ನು ಓದಿ ನಾನು ನಮ್ಮ ಸಭೆಯಲ್ಲಿ ಕೇಳಿದೆ: ನಮ್ಮ ಬ್ಯಾಕಪ್ ಎಲ್ಲಿದೆ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೋಗಿ ನೋಡಿದರೆ ಒಂದು ಹಾರ್ಡ್ ಡಿಸ್ಕ್, ಲೈಬ್ರರಿಯ ಕಂಪ್ಯೂಟರಿನ ಕೆಳಗಿನ ಡ್ರಾಯರಿನಲ್ಲಿ, ಅದೇ ಕಂಪ್ಯೂಟರಿಗೆ ಸಿಕ್ಕಿಸಿದ ಹಾಗೇ. ಅದರಿಂದ ಡೇಟಾ ವಾಪಸ್ ತೆಗೆದು ಯಾರೂ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಇ-ಪುಸ್ತಕದ್ದೂ ಹಾಗೇ. ಕೊಂಡರೆ ನಮ್ಮದು ಎಂದು ಹೊಸ ಟ್ರಸ್ಟಿಗಳು ಅಂದುಕೊಳ್ಳುತ್ತಾರೆ. ಹಾರ್ಪರ್‌ಕಾಲಿನ್ಸ್ ಪ್ರಕಾಶನ 2011ರಲ್ಲಿ ಒಂದು ನಿಯಮ ತಂದಿತು: 26 ಸಲ ಎರವಲು ಕೊಟ್ಟ ಮೇಲೆ ಆ ಇ-ಪುಸ್ತಕದ ಪರವಾನಗಿ ಮುಗಿಯಿತು. ಬೇರೆ ಪ್ರಕಾಶಕರಲ್ಲಿ ಕೆಲವರು ವರ್ಷದ ಲೆಕ್ಕ ಇಟ್ಟಿದ್ದಾರೆ. ಹಾಗಾಗಿ ‘ನಮ್ಮಲ್ಲಿ ಇಷ್ಟು ಇ-ಪುಸ್ತಕ ಇವೆ’ ಎಂದು ವರದಿ ಬಂದರೆ, ಅವುಗಳಲ್ಲಿ ಎಷ್ಟರ ಅವಧಿ ಈ ವರ್ಷ ಮುಗಿಯುತ್ತದೆ ಎಂದು ಕೇಳಿ.

ಬರೀ ಕೆಟ್ಟ ಸುದ್ದಿ ಹೇಳಿದೆ ಅನ್ನಬೇಡಿ. ನ್ಯೂಜಿಲೆಂಡಿನ ಹೊರೊವ್ಹೆನುವ ಲೈಬ್ರರಿ ಟ್ರಸ್ಟ್ ಎಂಬ ಪುಟ್ಟ ಸಂಸ್ಥೆಯಲ್ಲಿ ಲೈಬ್ರರಿ ಕೆಲಸಕ್ಕಿದ್ದ ಹಳೆ ಸಾಫ್ಟ್‌ವೇರ್ 2000ನೇ ಇಸವಿ ದಾಟುವಂತಿರಲಿಲ್ಲ. ಅವರು ಹೊಸದನ್ನು ಬರೆಸಿದರು, 2000ದ ಜನವರಿಯಲ್ಲಿ ಅದು ಶುರುವಾಯಿತು, ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿ ಬಿಟ್ಟರು. ಅದೇ ಇವತ್ತಿನ ಕೋಹಾ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ನಿಮ್ಮ ಕೌಂಟರಿನ ಕಂಪ್ಯೂಟರಿನಲ್ಲಿ ಅದೇ ಓಡುತ್ತಿರಬಹುದು, ಕೂತ ದಿನ ಪರದೆಯ ಕಡೆ ಒಮ್ಮೆ ನೋಡಿ.

ತಿಂಗಳಿಗೆ ಎರಡು ಗಂಟೆ ಓದು ಸಾಕು. ಮುಂದಿನ ಸಭೆಯ ಅಜೆಂಡಾ ಇನ್ನೂ ಅಂತಿಮ ಆಗಿಲ್ಲದಿದ್ದರೆ ‘ಪುಸ್ತಕ ವಿಲೇವಾರಿ ನಿಯಮದ ಪ್ರತಿ’ ಎಂದು ಒಂದು ಸಾಲು ಸೇರಿಸಲು ಹೇಳಿ. ಅಂಥದ್ದು ಇಲ್ಲ ಎಂಬ ಉತ್ತರ ಬಂದರೆ ಇಲ್ಲೇ ಕೆಳಗೆ ಬರೆಯಿರಿ, ಎರಡನೇ ಸಲ ಚೀಲ ಕಟ್ಟುವ ಮುಂಚೆ ನಾವು ಮಾಡಿಕೊಂಡ ಕರಡು ಹೇಗಿತ್ತು ಎಂದು ಹೇಳುತ್ತೇನೆ.