ಮೂಕಿ ಚಿತ್ರದಲ್ಲಿ ಎಲ್ಲರೂ ಓಡುತ್ತಿರುವ ಹಾಗೆ ಕಂಡರೆ

ನೀವು ಹಾಕಿದ ಮೂಕಿ ಚಿತ್ರದಲ್ಲಿ ಜನ ಗಡಿಬಿಡಿಯಲ್ಲಿ ಓಡಾಡುತ್ತಿದ್ದರೆ, ತಪ್ಪು ಬಹುಶಃ ಟಿವಿಯದ್ದಲ್ಲ, ವೇಗದ್ದು. ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮ್, ಅಂದರೆ ಬಿಡಿ ಚಿತ್ರಗಳು, ಮಾಮೂಲು. ಮಾತು ಬಂದ ಮೇಲೆ 24 ಆಯಿತು. ಹಳೆಯದನ್ನು ಹಾಗೇ 24ರಲ್ಲಿ ಓಡಿಸಿದರೆ ಹೀಗೆ.

ಯೂಟ್ಯೂಬ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ಲೇಬ್ಯಾಕ್ ವೇಗ 0.75 ಮಾಡಿ. ಆಮೇಲೆ ಒಂದು ಬೀದಿಯ ದೃಶ್ಯ ನೋಡಿ: ಗಾಂಧಿ ಬಜಾರಿನಲ್ಲಿ ಜನ ನಡೆಯುವ ಹಾಗೆ ಕಾಣಬೇಕು. ಇಷ್ಟೇ ವೇಗ ಅಂತ ಖಚಿತವಾಗಿ ಹೇಳೋಕಾಗಲ್ಲ, ಚಿತ್ರದಿಂದ ಚಿತ್ರಕ್ಕೆ ಬೇರೆ. ಕಣ್ಣಳತೆಯೇ ಗತಿ. ಸರಿಹೋದಾಗ ನಟರ ಮುಖಭಾವ ಎಷ್ಟು ಚೆಂದ ಅರಳುತ್ತೆ ನೋಡಿ!

ಸಂಗೀತ ಎಳೆದಂತಾದರೆ ಮ್ಯೂಟ್ ಮಾಡಿ. ಹಾಸ್ಯದ ಓಟಗಳು ಎಷ್ಟೋ ಸಲ ಬೇಕೆಂದೇ ಚುರುಕು. ಅವನ್ನು ಹಾಗೇ ಬಿಡಿ.