ವಿಶ್‌ಲಿಸ್ಟ್ ಯಾರೂ ಮುಟ್ಟುತ್ತಿಲ್ಲ, ತೆಗೆದುಹಾಕಲೇ?

ಪ್ರಶ್ನೆ: ನಮ್ಮದು ಇಳಕಲ್ ಸೀರೆ ಮತ್ತು ಖಣದ ವ್ಯಾಪಾರ. ಎರಡು ವರ್ಷದಿಂದ ಸ್ವಂತ ವೆಬ್‌ಸೈಟಿನಲ್ಲೂ ಮಾರುತ್ತಿದ್ದೇವೆ. ಮೆಚ್ಚಿದ ಸೀರೆಯನ್ನು ಉಳಿಸಿಟ್ಟುಕೊಳ್ಳುವ ವಿಶ್‌ಲಿಸ್ಟ್ ಸೌಲಭ್ಯ ಅದರಲ್ಲಿದ್ದರೂ ಬಳಸುವವರು ಬೆರಳೆಣಿಕೆಯಷ್ಟು. ತೆಗೆದುಹಾಕುವುದೋ, ಹೊಸ ರೂಪ ಕೊಡುವುದೋ? ಗ್ರಾಹಕರನ್ನು ಹೇಗೆ ಕೇಳಬೇಕು?
— ಓದುಗರು, ಗದಗ-ಬೆಟಗೇರಿ

ಉತ್ತರ: ಸದ್ಯಕ್ಕೆ ತೆಗೆಯಬೇಡಿ. ಅಂಗಡಿಗೆ ಬಂದವರು ನಾಲ್ಕು ಸೀರೆ ಆರಿಸಿ, "ಇವನ್ನ ಬಾಜೂಕ ಇಡ್ರಿ, ನಾಳೆ ಅತ್ತಿಯವರನ್ನ ಕರಕೊಂಡು ಬರ್ತೀವಿ" ಎಂದು ಹೋಗುವುದನ್ನು ನೀವು ಎಷ್ಟೋ ಸಲ ಕಂಡಿರುತ್ತೀರಿ. ತೆಗೆದಿರಿಸುವ ಅಗತ್ಯ ಗ್ರಾಹಕರಿಗೆ ಖಂಡಿತ ಇದೆ. ಮೊಬೈಲಿನಲ್ಲಿ ಅದನ್ನು ಅವರು ಬೇರೆ ಯಾವ ದಾರಿಯಿಂದ ಪೂರೈಸಿಕೊಳ್ಳುತ್ತಿದ್ದಾರೆ ಎಂಬುದನ್ನು ಕಂಡುಕೊಳ್ಳುವುದೇ ನಿಮ್ಮ ಮೊದಲ ಕೆಲಸ.

"ವಿಶ್‌ಲಿಸ್ಟ್ ಬೇಕೇ?" ಎಂದು ಕೇಳಿದರೆ "ಛಲೋ ಐತ್ರಿ, ಇರ್ಲಿ" ಎಂದುಬಿಡುತ್ತಾರೆ, ನಮ್ಮ ಕಡೆಯ ಜನ ಎದುರಿಗೆ ಕೂತವರ ಮನಸ್ಸು ನೋಯಿಸಲಾರರು. ಆದ್ದರಿಂದ ನಡೆದದ್ದನ್ನೇ ಕೇಳಿ: ಕಳೆದ ಸಲ ಸೀರೆ ಕೊಳ್ಳುವ ಮುನ್ನ ಯಾರಿಗೆ ತೋರಿಸಿದಿರಿ, ಎಷ್ಟು ದಿನ ಯೋಚಿಸಿದಿರಿ? ಬಳಿಕ ಅವರ ಮೊಬೈಲನ್ನು ಅವರ ಕೈಯಲ್ಲೇ ಬಿಟ್ಟು, ಮಗಳ ನಿಶ್ಚಯಕ್ಕೊಂದು ಸೀರೆ ಹುಡುಕಲು ಹೇಳಿ ಪಕ್ಕದಲ್ಲಿ ಕುಳಿತುಕೊಳ್ಳಿ. ವಿಶ್‌ಲಿಸ್ಟಿಗೆ ಸೇರಿಸುವ ಹೃದಯದ ಗುರುತು ಒತ್ತಿದೊಡನೆ ಲಾಗಿನ್ ಕೇಳಿದ್ದಕ್ಕೆ ಅವರು ಹಿಂದೆ ಸರಿಯಬಹುದು. ಗೋಮಿ ದಡಿ (ಇಳಕಲ್ ಸೀರೆಯ ಒಂದು ಬಗೆಯ ಅಂಚು) ಸ್ಪಷ್ಟವಾಗಿ ಕಾಣುವಷ್ಟು ಚಿತ್ರವನ್ನು ಹಿಗ್ಗಿಸಿ, ಸ್ಕ್ರೀನ್‌ಶಾಟ್ ತೆಗೆದು ಅಕ್ಕನ ವಾಟ್ಸ್‌ಆ್ಯಪ್‌ಗೆ ಕಳಿಸಲೂಬಹುದು. ಆಗ ದಾರಿ ತೋರಿಸಲು ಬಾಯಿ ತೆರೆಯಬೇಡಿ. ದಿನವಿಡೀ ಮಾತಾಡಿಯೇ ಮಾರುವವರಿಗೆ ಇದು ಬಹಳ ಕಷ್ಟ, ಆದರೂ ತಡೆದುಕೊಳ್ಳಿ.

ಬಳಕೆಯ ತೊಡಕು ಹುಡುಕಲು ಒಂದು ಸುತ್ತಿನ ಪರೀಕ್ಷೆಗೆ ಐವರು ಸಾಕೆಂದು ವೆಬ್‌ಸೈಟ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದರು. ಐವರಿಂದಲೇ ಸುಮಾರು ಶೇ. 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂಬುದು ಅವರ ಲೆಕ್ಕ. ಆದರೆ ಎಷ್ಟು ಗ್ರಾಹಕರಿಗೆ ಈ ಸೌಲಭ್ಯ ಬೇಕು ಎಂಬುದನ್ನು ಐವರನ್ನು ನೋಡಿ ತೀರ್ಮಾನಿಸಲಾಗದು. ಆ ಐವರಲ್ಲಿ ಸೀರೆ ನೋಡಿ, ಕೊಳ್ಳದೆ ಹೋದವರು ಇಬ್ಬರಾದರೂ ಇರಲಿ. ನಿಮ್ಮ ಕಾಯಂ ಗಿರಾಕಿಗಳು ವೆಬ್‌ಸೈಟಿನ ಕುಂದುಗಳಿಗೆ ಆಗಲೇ ಹೊಂದಿಕೊಂಡಿರುತ್ತಾರೆ.

ಸ್ಕ್ರೀನ್‌ಶಾಟಿನ ಹಾದಿಯೇ ಎದ್ದು ಕಂಡರೆ, ಹೊಸ ರೂಪವೂ ಅದೇ ಹಾದಿಯಲ್ಲಿರಲಿ. ಹೃದಯದ ಬದಲು ಕನ್ನಡದಲ್ಲಿ "ತೆಗೆದಿಡಿ" ಎಂಬ ಬಟನ್ ಇಡಿ, ಲಾಗಿನ್ ಕೇಳಬೇಡಿ. ಆರಿಸಿದ ಸೀರೆಗಳೆಲ್ಲ, ಸೆರಗು ಮತ್ತು ದಡಿಯ ಹತ್ತಿರದ ಚಿತ್ರಗಳೊಡನೆ, ಒಂದೇ ಲಿಂಕಿನಲ್ಲಿ ಮನೆಯವರಿಗೆ ಹೋಗುವಂತಿರಲಿ. ಇದನ್ನು ಕಟ್ಟಿಸಲು ಹಣ ಹಾಕುವ ಮುನ್ನ ಕಾಗದದ ಮೇಲೆ ಬರೆದು ಮತ್ತೆ ಐವರಿಗೆ ತೋರಿಸಿ. ಮುಂದಿನ ಲಗ್ನಸರಾಯಿ ಮುಗಿದ ಮೇಲೆ, ತೆಗೆದಿರಿಸಿದ ಸೀರೆಗಳಲ್ಲಿ ಎಷ್ಟಕ್ಕೆ ಆರ್ಡರ್ ಬಂತೆಂದು ಎಣಿಸಿ ನಮಗೂ ತಿಳಿಸಿ.