ಹಳೇ ಟಾಟಾ ಝೆನಾನ್ ಪಿಕಪ್, ಎತ್ತರ 3 ಇಂಚು ಇಳಿಸಬೇಕು, ಬಜೆಟ್ ಕಮ್ಮಿ. ಬೆಂಗಳೂರಲ್ಲಿ ಏನು ಮಾಡಿಸಬಹುದು?

3 ಇಂಚು ಬೇಡ. ಒಂದೂವರೆ ಇಂಚಿಗೆ ನಿಲ್ಲಿಸಿ. ನಾನೂ ಇದೇ ಗಾಡಿ ಇಟ್ಟುಕೊಂಡು ಇಳಿಸಿರೋನು, ನಿಮ್ಮ ಆಸೆ ಅರ್ಥ ಆಗುತ್ತೆ. ಆದ್ರೆ ನಮ್ಮ ರಸ್ತೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹಂಪ್ ಅಂದ್ರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಲೇಔಟ್‌ಗಳಲ್ಲಿ ರಾತ್ರೋರಾತ್ರಿ ಎದ್ದು ಕೂರುವ ಹಂಪ್‌ಗಳಿಗೆ ಈ ಲೆಕ್ಕವೆಲ್ಲ ಎಲ್ಲಿ ಗೊತ್ತು! ಪಿಕಪ್ ಬೇರೆ ಉದ್ದದ ಗಾಡಿ. ಮುಂದಿನ ಚಕ್ರ ಹಂಪ್ ದಾಟಿ ಹಿಂದಿನದು ಇನ್ನೂ ಹತ್ತದೇ ಇರುವಾಗ ಹೊಟ್ಟೆ ಉಜ್ಜುತ್ತದೆ.

ಮುಂದಿನ ಭಾಗ ಸುಲಭ, ಖರ್ಚೂ ಇಲ್ಲ ಅನ್ನಬಹುದು. ಆದ್ರೆ ನಿಮ್ಮ ಗಾಡಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಅಲ್ಲ, ಟಾರ್ಷನ್ ಬಾರ್ ಇದ್ದರೆ ಮಾತ್ರ ಈ ಮಾತು, ಮೊದಲು ನೋಡಿಕೊಳ್ಳಿ. ಛಾಸಿ ಉದ್ದಕ್ಕೂ ಮಲಗಿರುವ ಎರಡು ಉಕ್ಕಿನ ಸರಳು ಅವು. ಅವುಗಳ ಹಿಂದಿನ ತುದಿಯಲ್ಲಿ ಅಡ್ಜಸ್ಟ್ ಮಾಡುವ ಬೋಲ್ಟ್ ಇದೆ. ಅದನ್ನು ಸಡಿಲ ಮಾಡಿದರೆ ಮೂತಿ ಇಳಿಯುತ್ತದೆ. ಶುರು ಮಾಡುವ ಮುಂಚೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಬೋಲ್ಟ್ ಎಷ್ಟು ಹೊರಗಿದೆ ಅನ್ನೋದಕ್ಕೆ ಪೇಂಟ್‌ನಲ್ಲಿ ಒಂದು ಗುರುತು ಹಾಕಿ. ಜ್ಯಾಕ್ ಕೊಟ್ಟು ಚಕ್ರ ಎತ್ತಿದ ಮೇಲೆಯೇ ತಿರುಗಿಸಿ, ಭಾರ ಇರುವಾಗ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಆಮೇಲೆ ಗಾಡಿ ಕೆಳಗಿಳಿಸಿ, ಒಂದು ರೌಂಡ್ ಓಡಿಸಿ ಬಂದು ಮತ್ತೆ ಅಳೆಯಿರಿ. ಎತ್ತಿ ಇಳಿಸಿದ ಕೂಡಲೇ ಅಳೆದ ಅಳತೆ ನಂಬೋ ಹಾಗಿಲ್ಲ.

ಸಡಿಲ ಮಾಡಿದರೆ ಗಾಡಿ ಮೆತ್ತಗಾಗುತ್ತೆ ಅಂತ ಗ್ಯಾರೇಜ್‌ಗಳಲ್ಲಿ ಹೇಳ್ತಾರೆ. ಸುಳ್ಳು. ಬಾರ್ ಎಷ್ಟು ದಪ್ಪ, ಎಷ್ಟು ಉದ್ದ ಅನ್ನೋದರ ಮೇಲೆ ಅದರ ಬಿಗಿ ನಿಂತಿದೆ. ಬೋಲ್ಟ್ ಬರೀ ಎತ್ತರ ಬದಲಿಸುತ್ತದೆ. ಜಾಸ್ತಿ ಇಳಿಸಿದರೆ ಬಡಿತ ತಡೆಯುವ ಬಂಪ್ ಸ್ಟಾಪ್ ರಬ್ಬರ್‌ಗೂ ಚಕ್ರ ಹಿಡಿದಿರುವ ಆರ್ಮ್‌ಗೂ ನಡುವೆ ಜಾಗವೇ ಉಳಿಯಲ್ಲ, ಆಗ ಪ್ರತಿ ಗುಂಡಿಗೂ ಧಡ್ ಅಂತ ಬಡಿಯುತ್ತದೆ.

ತಲೆನೋವು ಇರೋದು ಹಿಂದೆ. ಮೊದಲು ಗಾಡಿ ಕೆಳಗೆ ತೂರಿ ಒಂದು ವಿಷಯ ನೋಡಿ: ಕಮಾನು ಪಟ್ಟಿಗಳು (ಲೀಫ್ ಸ್ಪ್ರಿಂಗ್) ಆಕ್ಸಲ್ ಮೇಲೆ ಕೂತಿವೆಯೋ, ಕೆಳಗೆ ನೇತಾಡುತ್ತಿವೆಯೋ? ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬ್ಲಾಕ್ (ಆಕ್ಸಲ್‌ಗೂ ಪಟ್ಟಿಗೂ ನಡುವೆ ಇಡುವ ತುಂಡು) ನೋಡಿ ತುಂಬಾ ಜನ ಮೋಸ ಹೋಗ್ತಾರೆ. ಪಟ್ಟಿ ಆಕ್ಸಲ್ ಕೆಳಗಿದ್ದರೆ ಮಾತ್ರ ಬ್ಲಾಕ್ ಹಾಕಿದಾಗ ಗಾಡಿ ಇಳಿಯುತ್ತದೆ. ಮೇಲಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಇನ್ನೂ ಎತ್ತುತ್ತದೆ! ಆಕ್ಸಲ್ಲನ್ನೇ ಪಟ್ಟಿಯ ಮೇಲೆ ಕೂರಿಸುವ ದಾರಿಯೂ ಇದೆ. ಆದ್ರೆ ಆಕ್ಸಲ್ ದಪ್ಪ, ಪಟ್ಟಿ ಕಟ್ಟಿನ ದಪ್ಪ ಎರಡೂ ಸೇರಿ ಇಳಿಯುತ್ತೆ, ನಿಮಗೆ ಬೇಕಾಗಿದ್ದಕ್ಕಿಂತ ಎಷ್ಟೋ ಜಾಸ್ತಿ.

ನಾನು ಮಾಡಿಸಿದ್ದು ಪಟ್ಟಿಯ ಬಾಗು ತಗ್ಗಿಸೋದು. ಕಲಾಸಿಪಾಳ್ಯದ ಕಡೆ ಲಾರಿ ಕಮಾನು ಕೆಲಸ ಮಾಡುವವರು ಸಿಗ್ತಾರೆ. ಅವರ ಹತ್ತಿರ ಬರುವವರೆಲ್ಲ ಕುಸಿದ ಕಮಾನು ಏರಿಸಿಕೊಡಿ ಅನ್ನೋರೇ. ಇಳಿಸಿ ಅಂದಾಗ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟಕ್ಕೆ ಯಾಕ್ ಸಾರ್, ಎರಡು ಪಟ್ಟಿ ತೆಗ್ದು ಬಿಸಾಕಿದ್ರೆ ಆಯ್ತಲ್ಲ" ಅಂದರು. ಇದಕ್ಕೆ ಒಪ್ಪಬೇಡಿ. ಪಟ್ಟಿ ತೆಗೆದರೆ ಗಾಡಿ ಇಳಿಯುತ್ತದೆ ನಿಜ, ಆದ್ರೆ ಭಾರ ಹೊರುವ ಶಕ್ತಿಯೂ ಹೋಗುತ್ತದೆ, ಉಳಿದ ಪಟ್ಟಿಗಳ ಮೇಲೆ ಒತ್ತಡ ಬೀಳುತ್ತದೆ. ಬಾಗು ತಗ್ಗಿಸುವಾಗ ಹಳೇ ಪಟ್ಟಿಯನ್ನು ನೆಲದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಪಕ್ಕದಲ್ಲೇ ಬೇಕಾದ ಬಾಗಿನ ಗೆರೆ. ಆಮೇಲೆ ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಸುತ್ತಿಗೆ ಏಟು, ಗೆರೆ ಮೇಲಿಟ್ಟು ನೋಡೋದು, ಮತ್ತೆ ಏಟು. ತಣ್ಣಗಿರುವಾಗಲೇ ಮಾಡಲಿ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಹಾಗೇ ಬಿಟ್ಟರೆ ಉಕ್ಕಿನ ಹದ ಕೆಡುತ್ತದೆ, ಆ ಜಾಗ ಬೇಗ ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ಪಟ್ಟಿ ಚಪ್ಪಟೆಯಾದಷ್ಟೂ ಅದರ ಎರಡು ತುದಿಯ ಕಣ್ಣುಗಳ ನಡುವಿನ ದೂರ ಜಾಸ್ತಿ ಆಗುತ್ತದೆ, ಹಿಂದಿನ ಕಣ್ಣನ್ನು ಛಾಸಿಗೆ ಜೋಡಿಸುವ ಶಾಕಲ್ ಹಿಂದಕ್ಕೆ ವಾಲುತ್ತದೆ. ಒಂದೂವರೆ ಇಂಚು ಅಂದಿದ್ದಕ್ಕೆ ಇದೂ ಒಂದು ಕಾರಣ.

ಪಟ್ಟಿಯನ್ನು ಆಕ್ಸಲ್‌ಗೆ ಬಿಗಿದಿಡುವ ಯು ಬೋಲ್ಟ್ ಹೊಸದೇ ಹಾಕಿಸಿ. ಒಮ್ಮೆ ಎಳೆದು ಬಿಗಿದದ್ದನ್ನು ಬಿಚ್ಚಿ ಮತ್ತೆ ಹಾಕೋದು ಸುಮ್ನೆ ರಿಸ್ಕ್. ಜೆ.ಸಿ. ರೋಡ್‌ನಲ್ಲಿ ಹಳೇ ಬೋಲ್ಟ್ ತೋರಿಸಿದರೆ ಅಳತೆಗೆ ಕೊಡ್ತಾರೆ.

ಈಗ ಯಾರೂ ಹೇಳದ ವಿಷಯ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಛಾಸಿಯಲ್ಲಿರುವ ಬ್ರೇಕ್ ವಾಲ್ವ್‌ಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ. ಲೋಡ್ ಬಿದ್ದು ಬಾಡಿ ತಗ್ಗಿದಾಗ ಆ ಕಡ್ಡಿ ಅಲುಗಿ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ನೀವು ಗಾಡಿ ಇಳಿಸಿದರೆ ಖಾಲಿ ಗಾಡಿಯೂ ಆ ವಾಲ್ವ್‌ಗೆ ಲೋಡ್ ಗಾಡಿಯೇ. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಬಾಲ ತಿರುಗುತ್ತದೆ. ನಿಮ್ಮದರಲ್ಲಿ ಈ ಕಡ್ಡಿ ಇದ್ದರೆ ಬ್ರೇಕ್ ಕೆಲಸ ಬಲ್ಲವರ ಹತ್ತಿರ ಹೊಸ ಎತ್ತರಕ್ಕೆ ಸೆಟ್ ಮಾಡಿಸದೆ ಗಾಡಿ ಹೊರಗೆ ತೆಗೆಯಬೇಡಿ.

ಆಮೇಲೆ ಅಲೈನ್‌ಮೆಂಟ್. ಮುಂದೆ ಇಳಿದಾಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೈರ್ ಒಳಬದಿ ಸವೆಯುತ್ತದೆ. ಈ ವಾಲುವಿಕೆಯೇ ಕ್ಯಾಂಬರ್. ಎಷ್ಟೋ ಅಂಗಡಿಯವರು ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ಸರಿ ಮಾಡಿ ಕಳಿಸ್ತಾರೆ. ಕ್ಯಾಂಬರ್ ಮೊದಲು, ಟೋ ಆಮೇಲೆ ಅಂತ ನಿಂತು ಮಾಡಿಸಿ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತೆ ಅನ್ನೋದನ್ನೂ ನೋಡಿಕೊಳ್ಳಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಯಾವುದು ಮಾರ್ಪಾಡು, ಯಾವುದು ಬರೀ ಅಡ್ಜಸ್ಟ್‌ಮೆಂಟ್ ಅನ್ನೋ ವಾದವನ್ನು ರಸ್ತೆಯಲ್ಲಿ ನಿಂತು ಗೆಲ್ಲೋಕೆ ಆಗಲ್ಲ. ಅಪಘಾತ ಆದಾಗ ಇನ್ಶೂರೆನ್ಸ್‌ನವರೂ ಇದನ್ನೇ ಹಿಡಿದುಕೊಳ್ಳಬಹುದು. ನಿಮ್ಮದು ಹಳದಿ ಬೋರ್ಡ್ ಆಗಿದ್ದು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕಾದರೆ, ನನ್ನ ಸಲಹೆ ಹಿಂದಿನ ಪಟ್ಟಿ ಮುಟ್ಟಲೇಬೇಡಿ. ಬಿಳಿ ಬೋರ್ಡ್ ಆದ್ರೆ ಗುಜರಿಯಲ್ಲಿ ಇನ್ನೊಂದು ಜೊತೆ ಪಟ್ಟಿ ಹುಡುಕಿ ಅದನ್ನು ತಗ್ಗಿಸಿ ಹಾಕಿಸಿ, ಒರಿಜಿನಲ್ ಸೆಟ್ ಮನೆಯಲ್ಲೇ ಇರಲಿ. ಗಾಡಿ ಮಾರುವಾಗ ಅದನ್ನೇ ಕೇಳ್ತಾರೆ.